ಟೈಟಾನಿಕ್ ಮುಳುಗಿದರೂ ಕಡಲ ಕೆಲಸ ಬಿಡದ ವಯೋಲೆಟ್ ಜೆಸ್ಸಪ್

ವಿಲಾಸಿ ಪ್ರವಾಸಿ ಹಡಗಿನಲ್ಲಿ ಕೆಲಸ ಸಿಕ್ಕರೆ ಕೈಯಿಂದ ಕಾಸು ಬಿಚ್ಚದೆ ಜಗತ್ತು ಸುತ್ತಬಹುದೆಂಬ ನಂಬಿಕೆ ಇಂದಿಗೂ ಗಟ್ಟಿಯಾಗಿದೆ. ಆ ನಂಬಿಕೆಯನ್ನು ಒರೆಗೆ ಹಚ್ಚಲು ಸುಮಾರು ನಾಲ್ಕು ದಶಕಗಳ ವೃತ್ತಿಯನ್ನು ಸಾಗರದ ಮೇಲೆ ಕಳೆದ ವಯೋಲೆಟ್ ಜೆಸ್ಸಪ್ ಅವರ ಬದುಕಿಗಿಂತ ಉತ್ತಮ ಉದಾಹರಣೆ ಸಿಗಲಾರದು. ಒಲಿಂಪಿಕ್, ಟೈಟಾನಿಕ್, ಬ್ರಿಟಾನಿಕ್ ಎಂಬ ಮೂರು ಸೋದರ ಹಡಗುಗಳ ದುರಂತಗಳಲ್ಲೂ ಬದುಕುಳಿದ ಅದೃಷ್ಟವಂತೆ ಎಂದೇ ಜಗತ್ತು ಆಕೆಯನ್ನು ನೆನೆಯುತ್ತದೆ. ಆದರೆ ಪ್ರತಿ ಬಾರಿಯೂ ಆಕೆ ಮತ್ತೆ ಹಡಗು ಏರಿದ್ದೇಕೆ ಎಂಬ ಪ್ರಶ್ನೆಯನ್ನು ಕೇಳಿದವರು ಕಡಿಮೆ.

ಮನೆಯ ಭಾರ ಹೊತ್ತ ಹಿರಿಮಗಳು

ಜೆಸ್ಸಪ್ ಜನಿಸಿದ್ದು 1887ರ ಅಕ್ಟೋಬರ್ 2ರಂದು, ಅರ್ಜೆಂಟೀನಾದ ಬಾಹಿಯಾ ಬ್ಲಾಂಕಾ ಸಮೀಪದಲ್ಲಿ. ತಂದೆ ತಾಯಿ ಐರ್ಲೆಂಡಿನಿಂದ ವಲಸೆ ಬಂದವರು. ಕುರಿ ಸಾಕಣೆ ಕುಟುಂಬದ ಆಧಾರವಾಗಿತ್ತು. ಒಂಬತ್ತು ಮಕ್ಕಳಲ್ಲಿ ಉಳಿದವರು ಆರು ಮಂದಿ. ಅವರಲ್ಲಿ ಹಿರಿಯಳು ಈಕೆ. ಬಾಲ್ಯದಲ್ಲಿ ಕ್ಷಯರೋಗ ತಗುಲಿದಾಗ ಬದುಕುವ ಆಸೆಯನ್ನು ವೈದ್ಯರೇ ಕೈಬಿಟ್ಟಿದ್ದರು. ಆಕೆ ಚೇತರಿಸಿಕೊಂಡಳು. ಹದಿನಾರನೆಯ ವಯಸ್ಸಿನಲ್ಲಿ ತಂದೆ ತೀರಿಕೊಂಡಾಗ ಕುಟುಂಬ ಇಂಗ್ಲೆಂಡಿಗೆ ಬಂದು ನೆಲೆಸಿತು. ಮಕ್ಕಳ ಹೊಟ್ಟೆ ತುಂಬಿಸಲು ತಾಯಿ ಹಡಗಿನ ಪರಿಚಾರಿಕೆಯಾದರು. ಕಾನ್ವೆಂಟ್ ಶಾಲೆಯಲ್ಲಿ ಓದುತ್ತಿದ್ದ ವಯೋಲೆಟ್‌ಗೆ ಬಿಡುವಿನ ವೇಳೆಯಲ್ಲಿ ಕಿರಿಯ ತಂಗಿಯ ಆರೈಕೆಯ ಹೊಣೆ. ತಾಯಿಯ ಆರೋಗ್ಯ ಕೆಟ್ಟಾಗ ಶಾಲೆಗೆ ಶರಣು ಹೊಡೆದು, ಅದೇ ಕೆಲಸ ಅರಸಿ ಹೊರಟರು.

ಅಲ್ಲಿ ಎದುರಾದ ಅಡ್ಡಿ ವಿಚಿತ್ರವಾದುದು. ಹಡಗು ಕಂಪನಿಗಳಿಗೆ ಬೇಕಾಗಿದ್ದವರು ನಡುವಯಸ್ಸಿನ ಹೆಂಗಸರು. ಇಪ್ಪತ್ತೊಂದರ ಸುಂದರ ಯುವತಿಯನ್ನು ಸೇರಿಸಿಕೊಂಡರೆ ಪ್ರಯಾಣಿಕರಿಂದಲೂ ಸಿಬ್ಬಂದಿಯಿಂದಲೂ ತೊಂದರೆ ಬಂದೀತೆಂಬ ಶಂಕೆ. ಕೊನೆಗೆ ಮಾಸಿದ ಉಡುಪು ತೊಟ್ಟು, ಅಲಂಕಾರವಿಲ್ಲದೆ ಸಂದರ್ಶನಕ್ಕೆ ಹೋದ ಮೇಲೆ 1908ರಲ್ಲಿ ರಾಯಲ್ ಮೇಲ್ ಸಂಸ್ಥೆಯ ಒರಿನೋಕೊ ಹಡಗಿನಲ್ಲಿ ಕೆಲಸ ದೊರೆಯಿತು.

ತೇಲುವ ಅರಮನೆಯ ಹಿಂಬಾಗಿಲು

ಪರಿಚಾರಿಕೆಯ ದಿನ ಪ್ರಯಾಣಿಕರು ಕಣ್ಣು ಬಿಡುವ ಮೊದಲೇ ಆರಂಭವಾಗುತ್ತಿತ್ತು. ಬೆಳಗಿನ ಚಹಾ ಒಯ್ಯುವುದು, ಹಾಸಿಗೆ ಸರಿಪಡಿಸುವುದು, ಕ್ಯಾಬಿನ್ ಒಪ್ಪ ಮಾಡುವುದು, ಸಿರಿವಂತ ಮಹಿಳೆಯರಿಗೆ ಉಡುಪು ತೊಡಲು ನೆರವಾಗುವುದು, ಸಮುದ್ರದ ಓಲಾಟಕ್ಕೆ ವಾಂತಿ ಮಾಡಿಕೊಂಡವರ ಶುಶ್ರೂಷೆ, ರಾತ್ರಿ ಕರೆಗಂಟೆ ಬಾರಿಸಿದರೆ ಮತ್ತೆ ಓಟ. ಟೈಟಾನಿಕ್‌ನ ಪರಿಚಾರಿಕೆಯರಿಗೆ ನಿಗದಿಯಾಗಿದ್ದ ಸಂಬಳ ತಿಂಗಳಿಗೆ ಮೂರೂವರೆ ಪೌಂಡ್. ಅದೇ ಹಡಗಿನ ಮೂರನೇ ದರ್ಜೆಯ ಟಿಕೆಟಿನ ಬೆಲೆ ಸುಮಾರು 7 ಪೌಂಡ್. ತಾನು ದುಡಿಯುವ ಹಡಗಿನ ಅತಿ ಅಗ್ಗದ ಪ್ರಯಾಣಕ್ಕೂ ಎರಡು ತಿಂಗಳ ಸಂಬಳ ಬೇಕಿತ್ತೆಂದರೆ, ಮನೆಗೆ ಹಣ ಕಳಿಸುವವರು ಪ್ರಯಾಣಿಕರ ಭಕ್ಷೀಸನ್ನು ಏಕೆ ನೆಚ್ಚಿಕೊಂಡಿದ್ದರೆಂಬುದು ಅರ್ಥವಾದೀತು.

ಸಿಬ್ಬಂದಿಯ ಕೋಣೆಗಳು ಇಕ್ಕಟ್ಟಾಗಿದ್ದವು. ಇದನ್ನು ಗಮನಿಸಿ ಕೆಲಸಗಾರರ ಮಾತಿಗೆ ಕಿವಿಗೊಟ್ಟವರು ಟೈಟಾನಿಕ್‌ನ ವಿನ್ಯಾಸಕಾರ ಥಾಮಸ್ ಆ್ಯಂಡ್ರೂಸ್. ಅವರ ಬಗೆಗಿನ ಗೌರವವನ್ನು ಜೆಸ್ಸಪ್ ತಮ್ಮ ನೆನಪುಗಳಲ್ಲಿ ದಾಖಲಿಸಿದ್ದಾರೆ. ಆ್ಯಂಡ್ರೂಸ್ ತಾವು ರೂಪಿಸಿದ ಹಡಗಿನೊಂದಿಗೇ ಜಲಸಮಾಧಿಯಾದರು.

ಮೂರು ಅಪಘಾತಗಳು

ವೈಟ್ ಸ್ಟಾರ್ ಸಂಸ್ಥೆಯ ಹೊಸ ಹಡಗು ಒಲಿಂಪಿಕ್‌ಗೆ ಜೆಸ್ಸಪ್ ಸೇರಿದ್ದು 1911ರಲ್ಲಿ. ಅದೇ ವರ್ಷದ ಸೆಪ್ಟೆಂಬರ್ 20ರಂದು ಇಂಗ್ಲೆಂಡಿನ ದಕ್ಷಿಣ ತೀರದಲ್ಲಿ ಹಾಕ್ ಎಂಬ ಯುದ್ಧನೌಕೆ ಒಲಿಂಪಿಕ್‌ಗೆ ಡಿಕ್ಕಿ ಹೊಡೆಯಿತು. ಜೀವಹಾನಿಯಾಗಲಿಲ್ಲ; ಹಡಗು ದಡ ಸೇರಿತು.

ಮುಂದಿನ ವರ್ಷ ಏಪ್ರಿಲ್ 10ರಂದು ಟೈಟಾನಿಕ್ ಹೊರಟಾಗ ಆಕೆಗೆ 24 ವರ್ಷ. ಏಪ್ರಿಲ್ 14ರ ರಾತ್ರಿ ಹಡಗು ಹಿಮಬಂಡೆಗೆ ಅಪ್ಪಳಿಸಿತು. ಇಂಗ್ಲಿಷ್ ಬಾರದ ಪ್ರಯಾಣಿಕರು ಗಾಬರಿಯಾಗದಂತೆ, ಶಾಂತವಾಗಿರುವುದು ಹೇಗೆಂದು ನಡೆದು ತೋರಿಸಲು ಆಕೆಯನ್ನು ಮೇಲಿನ ಡೆಕ್‌ಗೆ ಕಳುಹಿಸಲಾಯಿತು. ಸಾವು ಸಮೀಪಿಸುತ್ತಿದ್ದಾಗಲೂ ಪರಿಚಾರಿಕೆಯ ಕೆಲಸ ಮುಗಿದಿರಲಿಲ್ಲ. ಬಳಿಕ 16ನೇ ಸಂಖ್ಯೆಯ ಜೀವರಕ್ಷಕ ದೋಣಿಗೆ ಹತ್ತಿಸಿ, ಯಾರದೋ ಹಸುಗೂಸೊಂದನ್ನು ಅಧಿಕಾರಿಯೊಬ್ಬರು ಆಕೆಯ ಕೈಗಿತ್ತರು. ರಾತ್ರಿಯಿಡೀ ಮಗುವನ್ನು ಎದೆಗವಚಿಕೊಂಡಿದ್ದ ಆಕೆ ಕಾರ್ಪೇಥಿಯಾ ಹಡಗು ಸೇರಿದಾಗ ಮಹಿಳೆಯೊಬ್ಬರು ಓಡಿಬಂದು, ಮಾತಿಲ್ಲದೆ ಮಗುವನ್ನು ಕಸಿದುಕೊಂಡು ಹೋದರು.

ಸುಮಾರು 1,500 ಜನರನ್ನು ಬಲಿ ಪಡೆದ ಆ ದುರಂತದಲ್ಲಿ ಸಿಬ್ಬಂದಿಯ ಪಾಲು ಸುಮಾರು 700. ಬದುಕುಳಿದ ನೌಕರರಿಗೆ ಇನ್ನೊಂದು ಪೆಟ್ಟು ಕಾದಿತ್ತು. ಅಂದಿನ ನಿಯಮದಂತೆ ಹಡಗು ಮುಳುಗಿದ ಕ್ಷಣಕ್ಕೇ ಕರಾರು ಮುಗಿದು ಸಂಬಳ ನಿಂತಿತು. ಹಡಗು ಒಡೆದು ಕೆಲಸ ಕಳೆದುಕೊಂಡ ನಾವಿಕರಿಗೆ ಎರಡು ತಿಂಗಳವರೆಗಿನ ವೇತನ ಪರಿಹಾರವಾಗಿ ಸಿಗಬೇಕೆಂದು ಅಂತಾರಾಷ್ಟ್ರೀಯ ಕಾರ್ಮಿಕ ಸಂಘಟನೆ ಒಡಂಬಡಿಕೆ ರೂಪಿಸಿದ್ದು 1920ರಲ್ಲಿ. ಜೆಸ್ಸಪ್ ಅಷ್ಟು ಕಾಯುವಂತಿರಲಿಲ್ಲ. ಮತ್ತೆ ಒಲಿಂಪಿಕ್‌ನಲ್ಲೇ ಕೆಲಸಕ್ಕೆ ಹಾಜರಾದರು.

ಮೊದಲ ಮಹಾಯುದ್ಧದಲ್ಲಿ ರೆಡ್ ಕ್ರಾಸ್ ಸೇರಿ, ಆಸ್ಪತ್ರೆ ಹಡಗಾಗಿ ಮಾರ್ಪಟ್ಟಿದ್ದ ಬ್ರಿಟಾನಿಕ್‌ನಲ್ಲಿ ಸೇವೆಗೆ ನಿಂತರು. 1916ರ ನವೆಂಬರ್ 21ರ ಬೆಳಿಗ್ಗೆ ಗ್ರೀಸಿನ ಕೆಯಾ ದ್ವೀಪದ ಬಳಿ ಅದು ಜರ್ಮನಿಯ ಮೈನ್ ಒಂದಕ್ಕೆ ತಗುಲಿ 55 ನಿಮಿಷಗಳಲ್ಲಿ ಮುಳುಗಿತು. ಹಡಗನ್ನು ದ್ವೀಪದ ದಡಕ್ಕೆ ಮುಟ್ಟಿಸಲು ಕ್ಯಾಪ್ಟನ್ ಯತ್ನಿಸುತ್ತಿದ್ದಾಗಲೇ ಇಳಿಸಿದ ದೋಣಿಗಳನ್ನು ತಿರುಗುತ್ತಿದ್ದ ಪ್ರೊಪೆಲ್ಲರ್ ಸೆಳೆದುಕೊಂಡಿತು. ಜೆಸ್ಸಪ್ ನೀರಿಗೆ ಹಾರಿದರು. ಹಡಗಿನ ತಳ ತಲೆಗೆ ಬಡಿಯಿತು. ಅಂದು 30 ಮಂದಿ ಸತ್ತರು. ಪದೇ ಪದೇ ಕಾಡಿದ ತಲೆನೋವಿಗೆ ಅಂದು ಬಿರುಕು ಬಿಟ್ಟ ತಲೆಬುರುಡೆ ಕಾರಣವೆಂದು ವೈದ್ಯರು ಪತ್ತೆ ಹಚ್ಚಿದ್ದು ವರ್ಷಗಳ ಬಳಿಕ. ಬ್ರಿಟಾನಿಕ್‌ನಿಂದ ಹೊರಡುವ ಅವಸರದಲ್ಲೂ ಆಕೆ ಹಲ್ಲುಜ್ಜುವ ಬ್ರಷ್ ಮರೆಯಲಿಲ್ಲ. ಟೈಟಾನಿಕ್‌ನಿಂದ ಪಾರಾದ ಮೇಲೆ ಅದಿಲ್ಲದೆ ಪರದಾಡಿದ್ದು ನೆನಪಿತ್ತು.

ವಿಹಾರದ ಯುಗ

1920ರಲ್ಲಿ ಜೆಸ್ಸಪ್ ವೈಟ್ ಸ್ಟಾರ್‌ಗೆ ಮರಳಿದರು. ಅಷ್ಟರಲ್ಲಿ ಕಡಲಯಾನದ ಸ್ವರೂಪ ಬದಲಾಗುತ್ತಿತ್ತು. 1924ರಲ್ಲಿ ಅಮೆರಿಕ ವಲಸೆ ಕಾನೂನನ್ನು ಬಿಗಿಗೊಳಿಸಿದಾಗ ಮೂರನೇ ದರ್ಜೆಯ ಆದಾಯ ಕುಸಿದು, ಕಂಪನಿಗಳು ಸಿರಿವಂತರ ವಿಹಾರಯಾನಗಳತ್ತ ಹೊರಳಿದವು. ರೆಡ್ ಸ್ಟಾರ್ ಸಂಸ್ಥೆಯ ಬೆಲ್ಗೆನ್‌ಲ್ಯಾಂಡ್ ಹಡಗಿನಲ್ಲಿ ಜೆಸ್ಸಪ್ ಎರಡು ಬಾರಿ ಭೂಪ್ರದಕ್ಷಿಣೆ ಮಾಡಿದರು. ಜಗತ್ತು ಸುತ್ತಿದ್ದು ನಿಜ. ಆದರೆ ಪ್ರಯಾಣಿಕರಾಗಿ ಅಲ್ಲ, ಅವರ ಸೇವಕಿಯಾಗಿ. ಈ ನಡುವೆ ಆಕೆ ವಿವಾಹವಾದರೂ ದಾಂಪತ್ಯ ಬಹುಕಾಲ ಬಾಳಲಿಲ್ಲ.

1950ರಲ್ಲಿ ನಿವೃತ್ತರಾಗಿ ಇಂಗ್ಲೆಂಡಿನ ಸಫೋಕ್ ಪ್ರಾಂತದ ಗ್ರೇಟ್ ಆ್ಯಶ್‌ಫೀಲ್ಡ್ ಹಳ್ಳಿಯಲ್ಲಿ ನೆಲೆಸಿ, ಕೋಳಿ ಸಾಕುತ್ತ ಕಾಲ ಕಳೆದರು. 1971ರ ಮೇ 5ರಂದು, 83ನೇ ವಯಸ್ಸಿನಲ್ಲಿ ಹೃದಯ ವೈಫಲ್ಯದಿಂದ ನಿಧನರಾದರು. 1930ರ ದಶಕದಲ್ಲೇ ಬರೆದಿಟ್ಟಿದ್ದ ಅವರ ಆತ್ಮಕಥೆ ಪುಸ್ತಕವಾಗಿ ಹೊರಬಂದದ್ದು 1997ರಲ್ಲಿ.

ಇಂದು ಕರಾವಳಿಯೂ ಸೇರಿದಂತೆ ದೇಶದ ನಾನಾ ಭಾಗಗಳ ಯುವಕ ಯುವತಿಯರು ಇಂಥ ಹಡಗುಗಳಲ್ಲಿ ದುಡಿಯುತ್ತಿದ್ದಾರೆ. 2013ರಲ್ಲಿ ಜಾರಿಗೆ ಬಂದು, 2015ರಲ್ಲಿ ಭಾರತವೂ ಅನುಮೋದಿಸಿದ ಕಡಲ ಕಾರ್ಮಿಕ ಒಡಂಬಡಿಕೆ ದುಡಿಮೆಗೆ ಮಿತಿ ಹಾಕಿದೆ. ಆದರೆ ಆ ಮಿತಿಯೂ ದಿನಕ್ಕೆ 14 ಗಂಟೆಗಳವರೆಗೆ, ವಾರಕ್ಕೆ 72 ಗಂಟೆಗಳವರೆಗೆ ಹೋಗಬಹುದು. ಊರಿಗೆ ಹಣ ಕಳಿಸಬೇಕಾದವರಿಗೆ ಇದೇನೂ ಹೊಸ ಲೆಕ್ಕವಲ್ಲ. ಜೆಸ್ಸಪ್ ಅವರನ್ನು ಮತ್ತೆ ಮತ್ತೆ ಕಡಲಿಗೆ ಕರೆದೊಯ್ದದ್ದೂ ಸಾಹಸದ ಹಂಬಲಕ್ಕಿಂತ ಹೆಚ್ಚಾಗಿ ಈ ಲೆಕ್ಕವೇ.