ಸೊಂಡಿಲಿದ್ದರೆ ಆನೆ, ಇಲ್ಲದಿದ್ದರೆ ಹಂದಿ

ಚನ್ನಪಟ್ಟಣದ ಮರದ ಆನೆಗೆ ಮೂಲೆಗಳೇ ಇಲ್ಲ. ಹೊಟ್ಟೆ ಗುಂಡಗೆ, ತಲೆ ಗುಂಡಗೆ, ಕಾಲೂ ಗುಂಡಗೆ. ಸೊಂಡಿಲು ಕಿತ್ತರೆ ಹಂದಿ ಎಂದರೂ ನಡೆದೀತು. ಅದು ಹುಟ್ಟುವುದು ಲೇತ್ ಮೇಲೆ. ಗಿರ್ರನೆ ತಿರುಗುವ ಮರಕ್ಕೆ ಉಳಿ ಹಿಡಿದರೆ ಬರುವುದೆಲ್ಲ ಗುಂಡೇ. ಹೀಗಾಗಿ ಆನೆಗೆ ಸೊಂಡಿಲು, ಮೊಲಕ್ಕೆ ಕಿವಿ, ಬಾತುಕೋಳಿಗೆ ಕೊಕ್ಕು ಎಂದು ಗುರುತಿಗೆ ಬೇಕಾದ್ದನ್ನಷ್ಟೇ ಬೇರೆ ಮಾಡಿ ಜೋಡಿಸುತ್ತಾರೆ. ಮಿಕ್ಕಿದ್ದು ಆಡುವ ಮಗುವಿನ ಪಾಲು.

ಜಪಾನಿನ ಕೊಕೆಶಿ ಗೊಂಬೆಗಂತೂ ಕೈಕಾಲೇ ಇಲ್ಲ. ಅದೂ ಲೇತಿನ ಕೂಸೇ. ಚನ್ನಪಟ್ಟಣಕ್ಕೂ ಜಪಾನಿಗೂ ನಂಟು ಹಳೆಯದು. ಟಿಪ್ಪು ಪರ್ಷಿಯಾದ ಕುಶಲಕರ್ಮಿಗಳನ್ನು ಕರೆಸಿದನೆಂಬ ಕಥೆಯ ಜೊತೆಗೆ, ಬವಾಸ್ ಮಿಯಾನ್ ಎಂಬವರು ಜಪಾನಿನ ಗೊಂಬೆ ತಂತ್ರವನ್ನು ತಂದು ಹತ್ತಾರು ಜನಕ್ಕೆ ಕಲಿಸಿದರೆಂದು ಊರಿನವರು ಇಂದಿಗೂ ಹೇಳುತ್ತಾರೆ.

ಜಪಾನಿನಲ್ಲಿ ಮರದಿಂದ ಪ್ರಾಣಿಗಳನ್ನು ಮೂಡಿಸುವ ಇನ್ನೊಂದು ದಾರಿಯೂ ಉಂಟು, ಮರದಚ್ಚು. ಹಲಗೆ ಕೆತ್ತಿ, ಬಣ್ಣ ಬಳಿದು, ಮೇಲೆ ಕಾಗದವಿಟ್ಟು ಉಜ್ಜುವುದು. 1930ರ ಸುಮಾರಿಗೆ ತಂದೆ ಹಿರೋಶಿ ಯೊಶಿದಾ ಜೊತೆ ಭಾರತ ಸುತ್ತಿದ ತೊಶಿ ಯೊಶಿದಾ ಮುಂದೆ ಆಫ್ರಿಕಾದ ಕಾಡುಪ್ರಾಣಿಗಳ ಮರದಚ್ಚು ಚಿತ್ರಗಳಿಗೆ ಹೆಸರಾದರು. ಹಲಗೆಯ ಮೇಲೆ ಗೆರೆಗೂ ಚುಕ್ಕೆಗೂ ಕೂದಲಿಗೂ ಜಾಗವುಂಟು. ಲೇತ್ ಅಷ್ಟು ಧಾರಾಳಿಯಲ್ಲ. ಆದರೆ ನಗು ಬರುವುದು ಚನ್ನಪಟ್ಟಣದ ಪ್ರಾಣಿಗಳನ್ನು ಕಂಡಾಗಲೇ!

ಬಣ್ಣ ಹಚ್ಚುವುದನ್ನಂತೂ ನಿಂತು ನೋಡಬೇಕು. ಇಲ್ಲಿ ಕುಂಚವಿಲ್ಲ. ಒಣಗಿದ ಆಲೆ ಮರದ ತುಂಡು ಲೇತ್ ಮೇಲೆ ತಿರುಗುತ್ತಿರುವಾಗಲೇ ಬಣ್ಣ ಬೆರೆಸಿದ ಅರಗಿನ ಕಡ್ಡಿಯನ್ನು ಒತ್ತಿ ಹಿಡಿಯುತ್ತಾರೆ. ಉಜ್ಜಾಟದ ಕಾವಿಗೆ ಅರಗು ಕರಗಿ ಮರಕ್ಕೆ ಮೆತ್ತಿಕೊಳ್ಳುತ್ತದೆ. ಮೇಲೆ ತಾಳೆ ಎಲೆಯಿಂದ ತೀಡಿದರೆ ಮುಖ ಕಾಣುವಷ್ಟು ಹೊಳಪು. ಹಳದಿಗೆ ಅರಿಶಿನ, ನೀಲಿಗೆ ನೀಲಿಗಿಡದ ಬಣ್ಣ ಬಳಸುವವರು ಈಗಲೂ ಇದ್ದಾರೆ.

2010ರಲ್ಲಿ ದೆಹಲಿಯ ಕರಕುಶಲ ವಸ್ತುಸಂಗ್ರಹಾಲಯದಲ್ಲಿ ಮಿಶೆಲ್ ಒಬಾಮಾ ಈ ಆಟಿಕೆಗಳನ್ನು ಕೊಂಡರು. ಚನ್ನಪಟ್ಟಣದ ಗೊಂಬೆಗೆ ಭೌಗೋಳಿಕ ಸೂಚಕದ ಮಾನ್ಯತೆಯೂ ಇದೆ. ಹೆಸರು ಹೀಗೆ ದೂರ ಹೋಯಿತು, ಗಿರಾಕಿ ಮಾತ್ರ ಹತ್ತಿರದಲ್ಲೇ ತಪ್ಪಿದ. 2023ರಲ್ಲಿ ಬೆಂಗಳೂರು–ಮೈಸೂರು ಹೆದ್ದಾರಿ ಊರನ್ನು ಬಳಸಿಕೊಂಡು ಹೋದ ಮೇಲೆ ಹಳೇ ರಸ್ತೆಯ ಗೊಂಬೆ ಅಂಗಡಿಗಳ ಮುಂದೆ ಕಾರು ನಿಲ್ಲುವುದು ಕಡಿಮೆಯಾಗಿದೆ.

ರಜೆಗೆ ಬೆಂಗಳೂರಿನ ಶ್ರೀಗಂಧದ ಕಾವಲಿನ ಅಜ್ಜಿ ಮನೆಗೆ ಬರುವ ಮಕ್ಕಳೇ, ಮೈಸೂರಿಗೆ ಹೊರಟರೆ ಕೆಂಗೇರಿ ದಾಟಿದ ಮೇಲೆ ಹಳೇ ರಸ್ತೆಯನ್ನೇ ಹಿಡಿಯಲು ತಾತನಿಗೆ ಹೇಳಿ. ಬಿಡದಿಯಲ್ಲಿ ತಟ್ಟೆ ಇಡ್ಲಿ ತಿಂದು, ಚನ್ನಪಟ್ಟಣದಲ್ಲಿ ಇಳಿದು, ಗೊಂಬೆ ಮಾಡುವವರನ್ನೇ ಕೇಳಿ ಒಂದು ಆನೆ ಕೊಳ್ಳಿ.