ಬಳ್ಳಾರಿಗೆ ಟಪಾಲು ವಿಮಾನ ಕಳಿಸಿದ ಜೆ.ಆರ್.ಡಿ. ಟಾಟಾ



ಹೋದ ತಿಂಗಳ ಗೋಡೆ ಪತ್ರಿಕೆಯಲ್ಲಿ ಸರ್ ಎಂ. ವಿಶ್ವೇಶ್ವರಯ್ಯನವರ ಜೀವನ ಚರಿತ್ರೆ ಬಂದಿತ್ತು. ಈ ತಿಂಗಳು ಮಹನೀಯರ ಪರಿಚಯ ಬರೆಯುವ ಪಾಳಿ ನನ್ನದು. ನಾನು ಜೆ.ಆರ್.ಡಿ. ಟಾಟಾ ಅವರನ್ನು ಆರಿಸಿಕೊಂಡಿದ್ದೇನೆ. ಟಾಟಾ ಅಂದರೆ ಉಪ್ಪು, ಟೀ ಪುಡಿ, ಲಾರಿ ಅಂತ ಎಲ್ಲರಿಗೂ ಗೊತ್ತು. ಏರ್ ಇಂಡಿಯಾ ಕಂಪನಿಯನ್ನು ಕಟ್ಟಿದವರೂ ಇವರೇ. ಆ ಕಂಪನಿಯ ಮೊಟ್ಟಮೊದಲ ಹಾರಾಟದ ದಾರಿಯಲ್ಲಿ ನಮ್ಮ ಬಳ್ಳಾರಿಯೂ ಇತ್ತು. ನಾನು ಇವರನ್ನ ಆರಿಸಿಕೊಂಡಿದ್ದಕ್ಕೆ ಅದೇ ಕಾರಣ.

ಅವರ ಪೂರ್ತಿ ಹೆಸರು ಜಹಾಂಗೀರ್ ರತನ್‌ಜಿ ದಾದಾಭಾಯಿ ಟಾಟಾ. ಹುಟ್ಟಿದ್ದು 1904ನೇ ಇಸವಿ ಜುಲೈ 29ರಂದು, ಫ್ರಾನ್ಸ್ ದೇಶದ ಪ್ಯಾರಿಸ್ ನಗರದಲ್ಲಿ. ತಂದೆ ಪಾರ್ಸಿ, ತಾಯಿ ಫ್ರೆಂಚರು. ಹೀಗಾಗಿ ಅವರ ಮನೆಮಾತು ಮೊದಲು ಫ್ರೆಂಚ್. ಚಿಕ್ಕವರಿದ್ದಾಗ ಶಾಲೆಯನ್ನು ಫ್ರಾನ್ಸ್, ಜಪಾನ್, ಇಂಗ್ಲೆಂಡ್, ಭಾರತ ಅಂತ ಊರೂರು ಬದಲಾಯಿಸಿದರು. ನಮಗೆ ಪಕ್ಕದ ಊರಿನ ಹೈಸ್ಕೂಲಿಗೆ ಹೋಗಬೇಕು ಅಂದರೇ ಭಯ ಆಗುತ್ತೆ!

ರಜೆಯಲ್ಲಿ ಇವರ ಮನೆಯವರು ಸಮುದ್ರದ ದಂಡೆಯ ಹಾರ್ಡೆಲೋ ಎಂಬ ಊರಿಗೆ ಹೋಗುತ್ತಿದ್ದರು. ಅಲ್ಲಿ ಇವರ ನೆರೆಮನೆಯವರು ಲೂಯಿ ಬ್ಲೇರಿಯೋ. 1909ರಲ್ಲಿ ವಿಮಾನದಲ್ಲಿ ಇಂಗ್ಲಿಷ್ ಕಾಲುವೆಯನ್ನು ಮೊದಲ ಸಲ ದಾಟಿದವರು ಇವರೇ. ಪಕ್ಕದ ಮನೆಯಲ್ಲೇ ಇಂಥವರು ಇದ್ದರೆ ಹುಡುಗನಿಗೆ ಹುಚ್ಚು ಹಿಡಿಯದೆ ಇರುತ್ತಾ? 15ನೇ ವಯಸ್ಸಿನಲ್ಲಿ ಒಂದು ಸಲ ವಿಮಾನದಲ್ಲಿ ಕೂತು ಸುತ್ತಾಡಿ ಬಂದರು. ನಾನೂ ಪೈಲಟ್ ಆಗಬೇಕು ಅಂತ ಅವತ್ತೇ ಅವರ ಮನಸ್ಸಿನಲ್ಲಿ ಕೂತುಬಿಟ್ಟಿತು. ಆದರೆ ಅದಕ್ಕೆ ಇನ್ನೂ ಒಂಬತ್ತು ಹತ್ತು ವರ್ಷ ಕಾಯಬೇಕಾಯಿತು. ಬೊಂಬಾಯಿಯಲ್ಲಿ ಫ್ಲೈಯಿಂಗ್ ಕ್ಲಬ್ ಶುರುವಾದ ಮೇಲೆ ಕಲಿತು, 1929ರ ಫೆಬ್ರವರಿ 10ರಂದು ಲೈಸೆನ್ಸ್ ಪಡೆದರು. ಭಾರತದಲ್ಲಿ ಕೊಟ್ಟ ಪೈಲಟ್ ಲೈಸೆನ್ಸುಗಳಲ್ಲಿ ಅದರ ನಂಬರು 1.

ಇನ್ನು ಮುಂದಿನ ಕಥೆಗೆ ನಮ್ಮ ಬೆಂಚಿನಲ್ಲಿ ದೊಡ್ಡ ವಾದವೇ ಆಗಿದೆ. ಅದಕ್ಕೆ ಸ್ವಲ್ಪ ವಿವರವಾಗಿ ಬರೆಯುತ್ತೇನೆ.

1929ರಲ್ಲಿ ಆಗಾ ಖಾನ್ ಅವರು ಒಂದು ಬಹುಮಾನ ಇಟ್ಟರು. ಇಂಗ್ಲೆಂಡಿನಿಂದ ಭಾರತಕ್ಕೋ, ಭಾರತದಿಂದ ಇಂಗ್ಲೆಂಡಿಗೋ ಒಬ್ಬನೇ ವಿಮಾನ ನಡೆಸಿಕೊಂಡು ಬರುವ ಮೊದಲ ಭಾರತೀಯನಿಗೆ 500 ಪೌಂಡು. ಮೂವರು ಹೊರಟರು. ಒಬ್ಬರು ಮನಮೋಹನ್ ಸಿಂಗ್ (ಪ್ರಧಾನಿ ಆಗಿದ್ದವರಲ್ಲ, ಇವರು ಬೇರೆ). ಇನ್ನೊಬ್ಬ ಆಸ್ಪಿ ಎಂಜಿನಿಯರ್, ಆಗ ಅವನಿಗೆ ಬರೀ 17 ವರ್ಷ. ಮೂರನೆಯವರು ನಮ್ಮ ಜೆ.ಆರ್.ಡಿ. ಆಸ್ಪಿ ಇಂಗ್ಲೆಂಡಿನಿಂದ ಈ ಕಡೆ ಬರುತ್ತಿದ್ದ, ಜೆ.ಆರ್.ಡಿ. ಕರಾಚಿಯಿಂದ ಆ ಕಡೆ ಹೋಗುತ್ತಿದ್ದರು. ಈಜಿಪ್ಟಿನ ಅಬೂಕಿರ್ ಎಂಬ ಜಾಗದಲ್ಲಿ ಜೆ.ಆರ್.ಡಿ. ಇಳಿದಾಗ ಆಸ್ಪಿಯ ವಿಮಾನ ಅಲ್ಲೇ ನಿಂತುಬಿಟ್ಟಿತ್ತು. ಸ್ಪಾರ್ಕ್ ಪ್ಲಗ್ ಕೆಟ್ಟಿತ್ತು. ಬೇರೆ ಪ್ಲಗ್ ಅವನ ಹತ್ತಿರ ಇರಲಿಲ್ಲ. ಬೈಕಿನ ಪ್ಲಗ್ಗನ್ನು ಗ್ಯಾರೇಜಿನಲ್ಲಿ ಬಿಚ್ಚಿ ಉಜ್ಜುವುದನ್ನು ನೀವು ನೋಡಿರುತ್ತೀರಿ. ಅಂಥದೇ ಒಂದು ಸಣ್ಣ ಸಾಮಾನು. ಅದಿಲ್ಲದೆ ಇಂಜಿನ್ ಏಳಲ್ಲ.

ಜೆ.ಆರ್.ಡಿ. ಸುಮ್ಮನೆ ಹೊರಟು ಹೋಗಿದ್ದರೆ ಗೆಲ್ಲುತ್ತಿದ್ದರು. ಆದರೆ ಅವರು ತಮ್ಮ ಹತ್ತಿರ ಇದ್ದ ಪ್ಲಗ್ಗನ್ನು ಆಸ್ಪಿಗೆ ಕೊಟ್ಟರು. ಆಸ್ಪಿ ಅದಕ್ಕೆ ಬದಲಾಗಿ, ಸಮುದ್ರದ ಮೇಲೆ ಹೋಗುವಾಗ ಬೇಕಾಗುತ್ತೆ ಅಂತ ತನ್ನ ತೇಲುವ ಜಾಕೆಟ್ ಕೊಟ್ಟನಂತೆ. ಕೊನೆಗೆ ಕೆಲವೇ ಗಂಟೆಗಳ ಅಂತರದಲ್ಲಿ ಆಸ್ಪಿ ಗೆದ್ದ, ಜೆ.ಆರ್.ಡಿ. ಎರಡನೆಯವರಾದರು. ಮನಮೋಹನ್ ಸಿಂಗ್ ಅವರು ಗುರಿ ಮುಟ್ಟಿದರೂ ಕೊಟ್ಟ ಅವಧಿ ಮುಗಿದಿತ್ತು. ಆ ಆಸ್ಪಿಯೇ ಮುಂದೆ ಭಾರತದ ವಾಯುಸೇನೆಯ ಮುಖ್ಯಸ್ಥರಾದರು.

ನಮ್ಮ ಕ್ಲಾಸಿನ ಕೆಲವರು ಇದು ದಡ್ಡತನ ಅಂತಾರೆ. ಸ್ಪರ್ಧೆ ಅಂದಮೇಲೆ ಸ್ಪರ್ಧೆ, ಕಬಡ್ಡಿಯಲ್ಲಿ ಎದುರಿನವರು ಜಾರಿ ಬಿದ್ದರೆ ನಾವು ಎಬ್ಬಿಸಿ ಕಳಿಸ್ತೀವಾ ಅಂತ ಅವರ ವಾದ. ನನ್ನ ಲೆಕ್ಕ ಬೇರೆ. ಕಬಡ್ಡಿಯಲ್ಲಿ ಸೋತವನು ಮನೆಗೆ ಹೋಗಿ ಊಟ ಮಾಡ್ತಾನೆ. 17 ವರ್ಷದ ಹುಡುಗ ಪರದೇಶದಲ್ಲಿ ಕೆಟ್ಟ ವಿಮಾನ ಇಟ್ಟುಕೊಂಡು ಒಬ್ಬನೇ ಕೂತಿದ್ದ. ಅವನನ್ನ ಬಿಟ್ಟು ಹಾರಿ ಹೋಗಿ ತಂದ 500 ಪೌಂಡು ಯಾರಿಗೆ ಬೇಕು? ಈ ವಾದ ಇನ್ನೂ ಮುಗಿದಿಲ್ಲ. ನಿಮ್ಮ ಅಭಿಪ್ರಾಯ ಇದ್ದರೆ ಚೀಟಿಯಲ್ಲಿ ಬರೆದು ಪತ್ರಿಕೆಯ ಕೆಳಗಿನ ಡಬ್ಬಿಗೆ ಹಾಕಿ.

ಈಗ ಬಳ್ಳಾರಿಗೆ ಬರೋಣ. ಆಗ ಲಂಡನ್ನಿನಿಂದ ಟಪಾಲು ಹೊತ್ತ ಬ್ರಿಟಿಷ್ ವಿಮಾನ ಕರಾಚಿ ತನಕ ಬರುತ್ತಿತ್ತು. ಮುಂದೆ ಬೊಂಬಾಯಿಗೆ, ಮದರಾಸಿಗೆ ಕಾಗದಗಳು ರೈಲಿನಲ್ಲಿ ಹೋಗಬೇಕು. ವಿಮಾನದಲ್ಲಿ ಉಳಿದ ದಿನಗಳು ರೈಲಿನಲ್ಲಿ ಕಳೆದು ಹೋಗುತ್ತಿದ್ದವು. ವ್ಯಾಪಾರದವರಿಗೆ ಇದು ನಷ್ಟ. ಹತ್ತಿಯ ರೇಟು ಬರೆದ ಕಾಗದ ತಡವಾಗಿ ಬಂದರೆ ಅಷ್ಟೊತ್ತಿಗೆ ರೇಟೇ ಬದಲಾಗಿರುತ್ತೆ. ನೆವಿಲ್ ವಿನ್ಸೆಂಟ್ ಎಂಬ ದಕ್ಷಿಣ ಆಫ್ರಿಕಾದ ಪೈಲಟ್ ಬಂದು, ಉಳಿದ ದಾರಿಗೂ ವಿಮಾನ ಹಾಕೋಣ ಅಂತ ಜೆ.ಆರ್.ಡಿ.ಯವರಿಗೆ ಯೋಜನೆ ಹೇಳಿದರು. ಟಾಟಾ ಮನೆಯ ಹಿರಿಯರಿಗೆ ಅಷ್ಟು ಮನಸ್ಸಿರಲಿಲ್ಲ. ಹೇಗೋ ಒಪ್ಪಿಸಿ 2 ಲಕ್ಷ ರೂಪಾಯಿ ಬಂಡವಾಳ ತಂದರು.

1932ರ ಅಕ್ಟೋಬರ್ 15. ಬೆಳಿಗ್ಗೆ 6 ಗಂಟೆ 35 ನಿಮಿಷಕ್ಕೆ ಜೆ.ಆರ್.ಡಿ. ಕರಾಚಿಯಿಂದ ಪುಸ್ ಮಾತ್ ಎಂಬ ಸಣ್ಣ ವಿಮಾನ ಎಬ್ಬಿಸಿದರು. ಒಂದೇ ಇಂಜಿನ್. ಒಳಗೆ 25 ಕಿಲೋ ಟಪಾಲು. ರೇಡಿಯೋ ಇಲ್ಲ, ಕೆಳಗಿನಿಂದ ದಾರಿ ಹೇಳುವವರಿಲ್ಲ. ಅಹಮದಾಬಾದಿನಲ್ಲಿ ಇಳಿದಾಗ ಪೆಟ್ರೋಲ್ ಡಬ್ಬಗಳು ಎತ್ತಿನ ಗಾಡಿಯಲ್ಲಿ ಬಂದವಂತೆ! ವಿಮಾನಕ್ಕೆ ಎತ್ತಿನ ಗಾಡಿ ಸಹಾಯ ಮಾಡಿದ್ದು ಓದಿ ನಮ್ಮ ತಾತ ತುಂಬಾ ನಕ್ಕರು. ಮಧ್ಯಾಹ್ನ 1 ಗಂಟೆ 50 ನಿಮಿಷಕ್ಕೆ ಬೊಂಬಾಯಿಯ ಜುಹು ಬಯಲಿನಲ್ಲಿ ಇಳಿದರು. ಅಲ್ಲಿಂದ ಮುಂದೆ ವಿನ್ಸೆಂಟ್ ಅವರು ಟಪಾಲು ಹೊತ್ತುಕೊಂಡು ಬಳ್ಳಾರಿಯಲ್ಲಿ ಇಳಿದು ಮದರಾಸಿಗೆ ಹೋದರು. ಆಗ ಬಳ್ಳಾರಿ ಮದರಾಸ್ ಪ್ರಾಂತ್ಯದಲ್ಲೇ ಇತ್ತು. ಮೈಸೂರು ರಾಜ್ಯಕ್ಕೆ ಸೇರಿದ್ದು 1953ರಲ್ಲಿ.

ಮೊದಲನೆಯ ಪೂರ್ತಿ ವರ್ಷದಲ್ಲಿ ಈ ಕಂಪನಿಯ ವಿಮಾನ ಹತ್ತಿದ ಪ್ರಯಾಣಿಕರು ಬರೀ 155 ಜನ. ನಮ್ಮ ಶಾಲೆಯ ಮಕ್ಕಳೇ ಅದಕ್ಕಿಂತ ಜಾಸ್ತಿ ಇದ್ದೇವೆ! ಆದರೂ 60 ಸಾವಿರ ರೂಪಾಯಿ ಲಾಭ ಬಂತು. ಲಾಭಕ್ಕಿಂತ ನನಗೆ ಆಶ್ಚರ್ಯ ಅನಿಸಿದ್ದು ಬೇರೆ. ಮಳೆಗಾಲದಲ್ಲಿ ಜುಹು ಬಯಲು ನೀರಿನಲ್ಲಿ ಮುಳುಗಿ ಕೆಸರಾಗುತ್ತಿತ್ತು. ಆಗ ಪುಣೆಯಿಂದ ವಿಮಾನ ಬಿಡುತ್ತಿದ್ದರು. ಅಂಥ ಸ್ಥಿತಿಯಲ್ಲೂ ವರ್ಷಪೂರ್ತಿ ನೂರಕ್ಕೆ ನೂರು ಸರಿಯಾದ ವೇಳೆಗೆ ಟಪಾಲು ಮುಟ್ಟಿತು ಅಂತ ಸರ್ಕಾರದ ವರದಿಯಲ್ಲೇ ಹೊಗಳಿದ್ದಾರೆ. ನಮ್ಮೂರಿಗೆ ಬೆಳಿಗ್ಗೆ ಎಂಟರ ಬಸ್ಸು ಎಂಟಕ್ಕೆ ಬಂದಿದ್ದನ್ನು ನಾನು ಕಂಡಿಲ್ಲ.

ಸರಿಯಾದ ವೇಳೆ ಅಂದಾಗ ಯಾವ ವೇಳೆ ಅನ್ನೋದೇ ಒಂದು ಪ್ರಶ್ನೆ. ಸಮಾಜ ವಿಜ್ಞಾನದ ಪಾಠದಲ್ಲಿ ಓದಿದ್ದೇವೆ. ಭೂಮಿ 24 ಗಂಟೆಯಲ್ಲಿ 360 ಡಿಗ್ರಿ ತಿರುಗುತ್ತದೆ, ಅಂದರೆ ಗಂಟೆಗೆ 15 ಡಿಗ್ರಿ, ಒಂದು ಡಿಗ್ರಿಗೆ 4 ನಿಮಿಷ. 1906ರ ಜನವರಿ 1ರಿಂದ ಭಾರತಕ್ಕೆ ಎಂಬತ್ತೆರಡೂವರೆ ಡಿಗ್ರಿ ರೇಖಾಂಶದ ವೇಳೆಯನ್ನು ಇಟ್ಟರು. ಆದರೆ ಬೊಂಬಾಯಿಯವರು ಒಪ್ಪದೆ ತಮ್ಮದೇ ವೇಳೆ ಇಟ್ಟುಕೊಂಡಿದ್ದರು. ಅದು 39 ನಿಮಿಷ ಹಿಂದೆ, 1955ರ ತನಕ ನಡೆಯಿತು! ಅಂದರೆ ಜೆ.ಆರ್.ಡಿ. ಮೊದಲ ಟಪಾಲು ತಂದ ಊರಿನಲ್ಲೇ ಎರಡು ಟೈಮು. ನಮ್ಮ ಬಳ್ಳಾರಿ ಸುಮಾರು 77 ಡಿಗ್ರಿಯಲ್ಲಿದೆ. ಹಾಗಾದರೆ ಇಲ್ಲಿ ಸೂರ್ಯ ನೆತ್ತಿಯ ಮೇಲೆ ಬರುವುದು ಸರಾಸರಿ ಹನ್ನೆರಡು ಗಂಟೆ 22 ನಿಮಿಷಕ್ಕೆ. ಲೆಕ್ಕ ಮಾಡಿ ನೋಡಿ.

ಹೊರದೇಶಕ್ಕೆ ಹೋಗುವವರಿಗೆ ಈ ಲೆಕ್ಕ ದಿನಾ ಬೇಕು. ನಮ್ಮ ಮಾವ ದುಬೈನಲ್ಲಿ ವೆಲ್ಡಿಂಗ್ ಕೆಲಸ ಮಾಡ್ತಾರೆ. ಬೆಂಗಳೂರಿನಿಂದ ಬೆಳಗಿನ ಜಾವ 4ಕ್ಕೆ ಹೊರಟರೆ ಅಲ್ಲಿಯ ಗಡಿಯಾರದಲ್ಲಿ ಆರೂವರೆಗೆ ಇಳಿಯುತ್ತಾರೆ. ಎರಡೂವರೆ ತಾಸಿಗೇ ಹೋದೆಯೇನೋ ಅಂತ ನಮ್ಮ ಅಜ್ಜಿಗೆ ಆಶ್ಚರ್ಯ. ನಿಜವಾಗಿ ನಾಲ್ಕು ತಾಸು, ದುಬೈ ನಮಗಿಂತ ಒಂದೂವರೆ ತಾಸು ಹಿಂದಿದೆ. ಒಂದು ಸಲ ಮಾವನ ಟಿಕೆಟ್ ಮೇಲೆ 12ನೇ ತಾರೀಖು 00:40 ಅಂತ ಇತ್ತು. ಮಾವ 12ರ ರಾತ್ರಿ ಊಟ ಮಾಡಿ ಹೊರಟರು. ವಿಮಾನ 11ರ ರಾತ್ರಿ ಮುಗಿದ ಕೂಡಲೇ ಹೋಗಿಬಿಟ್ಟಿತ್ತು. ಟಿಕೆಟ್ ದುಡ್ಡು ಪೂರ್ತಿ ಹೋಯಿತು, ಅತ್ತೆ ಸರ ಒತ್ತೆ ಇಟ್ಟು ಇನ್ನೊಂದು ಟಿಕೆಟ್ ತೆಗೆಸಿದರು. ನಮ್ಮೂರಿನಿಂದ ಹೊರದೇಶಕ್ಕೆ ಹೋಗುವವರು ಈಗ ಬಹಳ ಜನ ಆಗಿದ್ದಾರೆ, ಅದಕ್ಕೆ ಬರೆದೆ. 00 ಅಂದರೆ ಆ ತಾರೀಖಿನ ಆರಂಭ, ಹಿಂದಿನ ದಿನ ಸಂಜೆಯೇ ಹೋಗಿ ಕೂರಬೇಕು.

ಮತ್ತೆ ಜೆ.ಆರ್.ಡಿ.ಯವರಿಗೆ ಬರುತ್ತೇನೆ. 1938ರಲ್ಲಿ ಅವರು ಇಡೀ ಟಾಟಾ ಕಂಪನಿಗಳ ಅಧ್ಯಕ್ಷರಾದರು. 1942ರಲ್ಲಿ ಯುದ್ಧದಲ್ಲಿ ವಿನ್ಸೆಂಟ್ ತೀರಿಕೊಂಡರು. 1946ರಲ್ಲಿ ವಿಮಾನ ಕಂಪನಿಗೆ ಏರ್ ಇಂಡಿಯಾ ಅಂತ ಹೆಸರಾಯಿತು. ಸ್ವಾತಂತ್ರ್ಯ ಬಂದು ಒಂದು ವರ್ಷ ತುಂಬುವ ಮೊದಲೇ, 1948ರ ಜೂನ್ 8ರ ರಾತ್ರಿ, ಮಲಬಾರ್ ಪ್ರಿನ್ಸೆಸ್ ಎಂಬ ವಿಮಾನ ಬೊಂಬಾಯಿಯಿಂದ ಕೈರೋ, ಜಿನೀವಾ ದಾಟಿ ಲಂಡನ್ನಿಗೆ ಹೊರಟಿತು. 35 ಜನ ಪ್ರಯಾಣಿಕರು. ಜೆ.ಆರ್.ಡಿ.ಯವರೂ ಅದರಲ್ಲಿದ್ದರು. ಹೊಸ ದೇಶದ ವಿಮಾನ ತಡವಾಗಿ ಇಳಿದರೆ ನಗೆಪಾಟಲು ಆಗುತ್ತದೆ ಅಂತ ಅವರಿಗೆ ಆತಂಕ. 10ನೇ ತಾರೀಖು ಬೆಳಿಗ್ಗೆ ಹೇಳಿದ ವೇಳೆಗೇ ಇಳಿಯಿತು. ಬೇಸರದ ಸಂಗತಿ ಏನೆಂದರೆ, ಇದೇ ವಿಮಾನ 1950ರ ನವೆಂಬರಿನಲ್ಲಿ ಮಾಂಟ್ ಬ್ಲಾಂಕ್ ಪರ್ವತಕ್ಕೆ ಬಡಿದು 48 ಜನ ಸತ್ತರು.

1953ರಲ್ಲಿ ಸರ್ಕಾರ ಎಲ್ಲಾ ವಿಮಾನ ಕಂಪನಿಗಳನ್ನು ವಹಿಸಿಕೊಂಡಿತು. ಕೂಸಿನ ಹಾಗೆ ಸಾಕಿದ ಕಂಪನಿ ಕೈ ಬಿಟ್ಟು ಹೋದಾಗ ಅವರಿಗೆ ತುಂಬಾ ನೋವಾಯಿತು. ಆದರೆ ಹೊರದೇಶಕ್ಕೆ ಹಾರುವ ಏರ್ ಇಂಡಿಯಾಕ್ಕೆ ಅಧ್ಯಕ್ಷರಾಗಿ ಅಂತ ಸರ್ಕಾರ ಕೇಳಿದಾಗ ಒಪ್ಪಿಕೊಂಡರು. ಸಂಬಳ ತೆಗೆದುಕೊಳ್ಳದೆ 25 ವರ್ಷ ದುಡಿದರು.

ಅವರು ಕೆಲಸ ಮಾಡಿದ ರೀತಿ ನನಗೆ ಇಷ್ಟ. ದೊಡ್ಡ ದೊಡ್ಡ ದೇಶದ ಕಂಪನಿಗಳ ಹತ್ತಿರ ಹೆಚ್ಚು ವಿಮಾನ ಇದ್ದವು. ಅವರ ಮುಂದೆ ನಾವು ಗೆಲ್ಲಬೇಕಾದರೆ ಪ್ರಯಾಣಿಕರನ್ನು ನೋಡಿಕೊಳ್ಳುವ ರೀತಿಯಲ್ಲೇ ಗೆಲ್ಲಬೇಕು ಅನ್ನೋದು ಅವರ ನಂಬಿಕೆ. ಆಗ ವಿಮಾನ ಹತ್ತುವವರಲ್ಲಿ ವ್ಯಾಪಾರಕ್ಕೆ, ಕಂಪನಿ ಕೆಲಸಕ್ಕೆ ಹೋಗುವವರು ಬಹಳ. ಅಂಥವರು ರಾತ್ರಿ ಹೊರಟು ಬೆಳಿಗ್ಗೆ ಇಳಿದು ನೇರ ಮೀಟಿಂಗಿಗೆ ಹೋಗಬೇಕು. ಗಡಿಯಾರ ತಿರುಗಿಸಿದ ಹಾಗೆ ಹೊಟ್ಟೆ, ನಿದ್ದೆ ತಿರುಗುವುದಿಲ್ಲ. ಅದಕ್ಕೇ ಸೀಟು, ಊಟ, ಬೆಳಕು ಎಲ್ಲಾ ಸರಿ ಇರಬೇಕು. ಜೆ.ಆರ್.ಡಿ. ವಿಮಾನದಲ್ಲಿ ಹೋಗುವಾಗೆಲ್ಲ ಸುತ್ತ ನೋಡಿ ಬರೆದುಕೊಳ್ಳುತ್ತಿದ್ದರು. ಸೀಟು ಎಷ್ಟು ಹಿಂದಕ್ಕೆ ಬಾಗುತ್ತದೆ, ಪರದೆ ಹೇಗಿದೆ, ಟೀಗೂ ಕಾಫಿಗೂ ಬಣ್ಣದಲ್ಲಿ ವ್ಯತ್ಯಾಸವೇ ಇಲ್ಲವಲ್ಲ, ಇಂಥವು. ನಿಲ್ದಾಣದ ಕೌಂಟರಿನ ಮೇಲೆ ಧೂಳಿದ್ದರೆ ತಾವೇ ಒರೆಸಿದ್ದೂ ಉಂಟು. ನಮ್ಮಲ್ಲಿ ಕ್ಲಾಸ್ ಲೀಡರ್ ಆದ ಮೇಲೆ ಕಸಬರಿಗೆ ಮುಟ್ಟದವರು ಇದ್ದಾರೆ, ಹೆಸರು ಬೇಡ. (ವ್ಯಾಪಾರದವರಿಗೆ ಅಂತಲೇ ಬಿಸಿನೆಸ್ ಕ್ಲಾಸ್ ಸೀಟುಗಳು ಜಗತ್ತಿನಲ್ಲಿ ಬಂದದ್ದು 1970ರ ದಶಕದ ಕೊನೆಗೆ.) 1960ರಲ್ಲಿ ಏರ್ ಇಂಡಿಯಾ ಜೆಟ್ ವಿಮಾನ ನ್ಯೂಯಾರ್ಕಿಗೂ ಹಾರಿತು.

1978ರ ಜನವರಿ 1ರಂದು ಏರ್ ಇಂಡಿಯಾದ ಒಂದು ದೊಡ್ಡ ವಿಮಾನ ಬೊಂಬಾಯಿ ಹತ್ತಿರ ಸಮುದ್ರಕ್ಕೆ ಬಿದ್ದು 213 ಜನ ತೀರಿಹೋದರು. ಮುಂದಿನ ತಿಂಗಳು ಮೊರಾರ್ಜಿ ದೇಸಾಯಿ ಅವರ ಸರ್ಕಾರ ಜೆ.ಆರ್.ಡಿ.ಯವರನ್ನು ಅಧ್ಯಕ್ಷ ಸ್ಥಾನದಿಂದ ತೆಗೆಯಿತು. ಅವರ ಜಾಗಕ್ಕೆ ಬರುವವರಿಂದಲೇ ಅವರಿಗೆ ಈ ಸುದ್ದಿ ಗೊತ್ತಾಯಿತಂತೆ. ಬದಲಾಯಿಸುವ ಅಧಿಕಾರ ಸರ್ಕಾರಕ್ಕೆ ಇರಬಹುದು. ಆದರೆ 46 ವರ್ಷ ದುಡಿದವರನ್ನು ಕರೆದು ಎದುರಿಗೆ ಹೇಳಬಹುದಿತ್ತು. 1980ರಲ್ಲಿ ಇಂದಿರಾ ಗಾಂಧಿಯವರ ಸರ್ಕಾರ ಮತ್ತೆ ಆಡಳಿತ ಮಂಡಳಿಗೆ ಸೇರಿಸಿಕೊಂಡಿತು, ಅಧ್ಯಕ್ಷರಾಗಿ ಅಲ್ಲ.

ಸುಧಾ ಮೂರ್ತಿ ಅವರು ಇವರಿಗೆ ಬರೆದ ಕಾರ್ಡಿನ ಕಥೆ ಎಲ್ಲರಿಗೂ ಗೊತ್ತಿರುವುದರಿಂದ ಇಲ್ಲಿ ಬರೆದಿಲ್ಲ.

1982ರ ಅಕ್ಟೋಬರ್ 15ರಂದು, ಮೊದಲ ಹಾರಾಟಕ್ಕೆ 50 ವರ್ಷ ತುಂಬಿದ ದಿನ, ಜೆ.ಆರ್.ಡಿ. ಮತ್ತೆ ಕರಾಚಿಯಿಂದ ಬೊಂಬಾಯಿಗೆ ಹಳೇ ಕಾಲದ ಸಣ್ಣ ವಿಮಾನವನ್ನು ಒಬ್ಬರೇ ನಡೆಸಿಕೊಂಡು ಬಂದರು. ಆಗ ಅವರ ವಯಸ್ಸು 78! ನಮ್ಮ ತಾತನಿಗೂ ಈಗ 78. ಸೈಕಲ್ ಹತ್ತಬೇಡ ಅಂತ ಮನೆಯಲ್ಲಿ ಬಯ್ಯುತ್ತಾರೆ.

1992ರಲ್ಲಿ ಅವರಿಗೆ ಭಾರತ ರತ್ನ ಕೊಟ್ಟರು. 1993ರ ನವೆಂಬರ್ 29ರಂದು ಜಿನೀವಾದಲ್ಲಿ ತೀರಿಕೊಂಡರು. ಹುಟ್ಟಿದ ಊರಾದ ಪ್ಯಾರಿಸ್‌ನಲ್ಲೇ ಮಣ್ಣು ಮಾಡಿದರು. ಏರ್ ಇಂಡಿಯಾ 2022ರ ಜನವರಿ 27ರಂದು ಮತ್ತೆ ಟಾಟಾ ಕಂಪನಿಯ ಕೈಗೆ ಬಂತು.

– 7ನೇ ತರಗತಿ