ಆರ್ಮೇನಿಯದ ಅಲೆಕ್ಸಾಂಡರ್ ಮ್ಯಾಸ್ನಿಕ್ಯಾನ್

ತಾಯ್ನಾಡಿನಿಂದ ಬಹುದೂರದಲ್ಲಿ ಹುಟ್ಟಿ, ತಾಯ್ನುಡಿಯ ಬಲದಿಂದಲೇ ಅದಕ್ಕೆ ಹತ್ತಿರವಾಗಿ, ಕಡೆಗೆ ಆ ನಾಡಿನ ಆಡಳಿತ ಸೂತ್ರವನ್ನೇ ಹಿಡಿದವರು ಚರಿತ್ರೆಯಲ್ಲಿ ವಿರಳ. ಪತ್ರಿಕಾ ಸಂಪಾದಕರೂ ಸಾಹಿತ್ಯ ವಿಮರ್ಶಕರೂ ಕಮ್ಯೂನಿಸ್ಟ್ ಮುಂದಾಳುಗಳೂ ಆಗಿದ್ದ ಅಲೆಕ್ಸಾಂಡರ್ ಮ್ಯಾಸ್ನಿಕ್ಯಾನರು ಅಂಥವರಲ್ಲೊಬ್ಬರು. ಹೊಟ್ಟೆಪಾಡಿಗಾಗಿ ಊರು ಬಿಟ್ಟು ಬಂದ ನಮ್ಮ ವಾಚಕರಿಗೆ ಅವರ ಜೀವನವು ಕೇವಲ ಪರದೇಶದ ವೃತ್ತಾಂತವೆಂದು ತೋರಲಾರದು.

ರಷ್ಯದ ಡಾನ್ ನದೀತೀರದಲ್ಲಿ ಹೊಸ ನಖಿಚೆವಾನ್ ಎಂಬ ಪಟ್ಟಣವಿತ್ತು. ಈಗ ಅದು ರೊಸ್ತೋವ್ ನಗರದ ಒಂದು ಭಾಗ. ಹದಿನೆಂಟನೆಯ ಶತಮಾನದ ಕೊನೆಯಲ್ಲಿ ರಾಣಿ ಕ್ಯಾಥರೀನಳ ಆಜ್ಞೆಯಂತೆ ಕ್ರಿಮಿಯದಿಂದ ಬಂದು ನೆಲಸಿದ ಆರ್ಮೇನಿಯನ್ನರು ಅದನ್ನು ಕಟ್ಟಿದರು. ಸುತ್ತಲೂ ರಷ್ಯನ್ ಭಾಷೆಯಿದ್ದರೂ ತಮ್ಮ ಶಾಲೆಗಳನ್ನೂ ಇಗರ್ಜಿಗಳನ್ನೂ ಅವರು ಬಿಟ್ಟುಕೊಡಲಿಲ್ಲ. ಇಂಥ ಊರಿನ ವ್ಯಾಪಾರಿಯೊಬ್ಬನ ಮನೆಯಲ್ಲಿ 1886ರಲ್ಲಿ ಮ್ಯಾಸ್ನಿಕ್ಯಾನರು ಜನಿಸಿದರು. ಮಾಸ್ಕೋವಿನ ಲಾಜರೆವ್ ವಿದ್ಯಾಸಂಸ್ಥೆಯಲ್ಲಿ ಓದಿ, 1911ರಲ್ಲಿ ಅಲ್ಲಿಯ ವಿಶ್ವವಿದ್ಯಾನಿಲಯದಿಂದ ಕಾನೂನು ಪದವಿ ಪಡೆದರು. ಅಷ್ಟರಲ್ಲಾಗಲೇ, 1906ರಲ್ಲಿ, ಲೆನಿನ್ನರ ಪಕ್ಷವನ್ನು ಸೇರಿದ್ದರು. ರಾಜಕಾರಣದ ಗುಪ್ತ ಕೆಲಸಗಳ ನಡುವೆಯೂ ಮಾರ್ತುನಿ ಎಂಬ ಕಾವ್ಯನಾಮದಿಂದ ಆರ್ಮೇನಿಯನ್ ಸಾಹಿತ್ಯವನ್ನು ಕುರಿತು ಬರೆದರು. ತಮ್ಮದೇ ಊರಿನಲ್ಲಿ ಹುಟ್ಟಿದ್ದ ಹಿಂದಿನ ತಲೆಮಾರಿನ ಕವಿ ಮಿಕಾಯೆಲ್ ನಲ್ಬಂದ್ಯಾನರ ವಿಷಯದಲ್ಲಿ ಅವರಿಗೆ ವಿಶೇಷ ಆದರ.

1914ರಲ್ಲಿ ಮಹಾಯುದ್ಧ ಆರಂಭವಾದಾಗ ಅವರನ್ನು ಸೈನ್ಯಕ್ಕೆ ಸೇರಿಸಿಕೊಳ್ಳಲಾಯಿತು. 1917ರ ಕ್ರಾಂತಿಯ ವರ್ಷ ಅವರನ್ನು ಬೆಲಾರೂಸಿನ ಮಿನ್ಸ್ಕ್ ನಗರದಲ್ಲಿ ಕಂಡಿತು. ಅಲ್ಲಿ ಬೋಲ್ಶೆವಿಕರ 'ಜ್ವೆಜ್ದಾ', ಅಂದರೆ 'ನಕ್ಷತ್ರ', ಎಂಬ ರಷ್ಯನ್ ಪತ್ರಿಕೆಯ ಸಂಪಾದಕರಾದರು. ಅದೇ ವರ್ಷ ಪಶ್ಚಿಮ ರಣರಂಗದ ಸೇನಾಪತಿಯಾಗಿಯೂ ಆಯ್ಕೆಯಾದರು.

ಇಲ್ಲಿಯೇ ಅವರ ಜೀವನದ ಒಂದು ಕುಂದನ್ನೂ ಹೇಳಬೇಕು. ತಮ್ಮ ನುಡಿಯನ್ನು ಅಷ್ಟು ಪ್ರೀತಿಸಿದ ಈ ವ್ಯಕ್ತಿ, ಬೆಲಾರೂಸಿಯರದು ಪ್ರತ್ಯೇಕ ಜನಾಂಗವೆಂಬುದನ್ನು ಒಪ್ಪಲಿಲ್ಲ. 1917ರ ಡಿಸೆಂಬರಿನಲ್ಲಿ ಬೆಲಾರೂಸಿನ ಪ್ರತಿನಿಧಿಗಳು ಮಿನ್ಸ್ಕಿನಲ್ಲಿ ನೆರೆಸಿದ ಮಹಾಸಮ್ಮೇಳನವನ್ನು ಬೋಲ್ಶೆವಿಕರು ಬಲಪ್ರಯೋಗದಿಂದ ಚದುರಿಸಿದಾಗ, ಅಲ್ಲಿಯ ಬೋಲ್ಶೆವಿಕ್ ಮುಖಂಡರಲ್ಲಿ ಇವರು ಅಗ್ರಗಣ್ಯರು. ಬೆಲಾರೂಸಿಗೆ ಪ್ರತ್ಯೇಕ ಗಣರಾಜ್ಯವಾಗಲೆಂದು ಮಾಸ್ಕೋ ನಿರ್ಧರಿಸಿದ ಮೇಲೆ ಆಜ್ಞೆಗೆ ತಲೆಬಾಗಿ, 1919ರ ಆರಂಭದಲ್ಲಿ ಕೆಲಕಾಲ ಅದರ ಮುಖ್ಯಸ್ಥರೂ ಆದರು.

ಇತ್ತ ಆರ್ಮೇನಿಯದ ಸ್ಥಿತಿ ಕರುಣಾಜನಕವಾಗಿತ್ತು. 1915ರಿಂದ ತುರ್ಕಿ ಸಾಮ್ರಾಜ್ಯದಲ್ಲಿ ನಡೆದ ಕಗ್ಗೊಲೆಯಿಂದ ತಪ್ಪಿಸಿಕೊಂಡ ನಿರಾಶ್ರಿತರಿಂದಲೂ ಅನಾಥ ಮಕ್ಕಳಿಂದಲೂ ಆ ಪುಟ್ಟ ನಾಡು ತುಂಬಿತ್ತು. 1920ರ ಕೊನೆಯಲ್ಲಿ ಅಧಿಕಾರಕ್ಕೆ ಬಂದ ಸೋವಿಯೆತ್ ಸರಕಾರವು ಹಸಿದ ರೈತನ ಕಣಜಕ್ಕೇ ಕೈಹಾಕಿತು. ಸೈನ್ಯಾಧಿಕಾರಿಗಳನ್ನು ಗಡೀಪಾರು ಮಾಡಿತು. ವಿರೋಧಿಗಳನ್ನು ಸೆರೆಮನೆಗೆ ತಳ್ಳಿತು. 1921ರ ಫೆಬ್ರವರಿಯಲ್ಲಿ ಜನ ದಂಗೆಯೆದ್ದು ರಾಜಧಾನಿ ಯೆರೆವಾನನ್ನು ವಶಪಡಿಸಿಕೊಂಡರು. ಏಪ್ರಿಲಿನಲ್ಲಿ ಕೆಂಪುಸೇನೆ ಅದನ್ನು ಮರಳಿ ಹಿಡಿಯಿತಾದರೂ, ಕೋವಿಯೊಂದರಿಂದಲೇ ರಾಜ್ಯವಾಳುವುದು ಅಸಾಧ್ಯವೆಂಬುದು ಸಿದ್ಧವಾಗಿತ್ತು. ರಷ್ಯದ ಮಾರ್ಗವನ್ನು ಕಣ್ಣುಮುಚ್ಚಿ ಅನುಕರಿಸದೆ ರೈತರನ್ನೂ ವಿದ್ಯಾವಂತರನ್ನೂ ನಯದಿಂದ ನಡೆಸಿಕೊಳ್ಳಬೇಕೆಂದು ಲೆನಿನ್ನರು ಕಾಕಸಸ್ ಪ್ರಾಂತದ ಕಮ್ಯೂನಿಸ್ಟರಿಗೆ ಪತ್ರ ಬರೆದರು. ಆ ನೀತಿಯನ್ನು ಆಚರಣೆಗೆ ತರುವ ಹೊಣೆ ಮ್ಯಾಸ್ನಿಕ್ಯಾನರ ಹೆಗಲೇರಿತು.

1921ರ ಮೇ ತಿಂಗಳಲ್ಲಿ ಅವರು ಆರ್ಮೇನಿಯ ಸರಕಾರದ ಅಧ್ಯಕ್ಷರಾದರು. ಆ ಪದವಿಯಲ್ಲಿದ್ದುದು ಒಂದು ವರ್ಷಕ್ಕೂ ಕಡಿಮೆ. ಆ ಅಲ್ಪಾವಧಿಯಲ್ಲಿ ಧಾನ್ಯದ ಸುಲಿಗೆ ನಿಂತು ಗೊತ್ತಾದ ಪ್ರಮಾಣದ ತೆರಿಗೆ ಬಂದಿತು. ಮಿಕ್ಕ ಧಾನ್ಯವನ್ನು ರೈತನು ಪೇಟೆಯಲ್ಲಿ ಮಾರಬಹುದಾಯಿತು. ಅಕ್ಷರ ಪ್ರಚಾರ ಮೊದಲಾಯಿತು. ಪರಸ್ಥಳಗಳಲ್ಲಿದ್ದ ಕಲಾವಿದರನ್ನೂ ಪಂಡಿತರನ್ನೂ ಅವರು ಕರೆಸಿಕೊಂಡರು. ಹೊಸ ನಖಿಚೆವಾನಿನವರೇ ಆದ ಪ್ರಸಿದ್ಧ ಚಿತ್ರಕಾರ ಮಾರ್ತಿರೋಸ್ ಸರ್ಯಾನರು ಹೀಗೆ ಬಂದು ಯೆರೆವಾನಿನಲ್ಲಿ ನೆಲಸಿದರು. ಹೊರನಾಡಿನ ಆರ್ಮೇನಿಯನ್ನರಿಂದ ನೆರವು ಕೂಡಿಸಲು 1921ರ ಸೆಪ್ಟೆಂಬರಿನಲ್ಲಿ ಸಮಿತಿಯೊಂದು ಸ್ಥಾಪಿತವಾಯಿತು. ಕಮ್ಯೂನಿಸ್ಟರಲ್ಲದ ಜನಪ್ರಿಯ ಕವಿ ಹೊವ್ಹಾನ್ನೆಸ್ ತುಮಾನ್ಯಾನರೇ ಅದರ ಅಧ್ಯಕ್ಷರು. ಹಾಗೆಂದು ಎಲ್ಲರಿಗೂ ಸ್ವಾತಂತ್ರ್ಯ ದೊರೆಯಿತೆಂದಲ್ಲ. ಎದುರು ಪಕ್ಷಗಳಿಗೆ ಆ ಆಡಳಿತದಲ್ಲಿ ಎಡೆಯಿರಲಿಲ್ಲ.

1921ರ ಜುಲೈ 4ರಂದು ಪಕ್ಷದ ಕಾಕಸಸ್ ಶಾಖೆಯ ಸಭೆಯಲ್ಲಿ, ಬಹುಪಾಲು ಆರ್ಮೇನಿಯನ್ನರಿದ್ದ ಕರಬಾಖ್ ಬೆಟ್ಟಸೀಮೆ ಆರ್ಮೇನಿಯಕ್ಕೆ ಸೇರಬೇಕೆಂದು ಅವರು ಮತವಿತ್ತರು. ಬಹುಮತವೂ ಹಾಗೆಯೇ ಬಂದಿತು. ಮರುದಿನವೇ ತೀರ್ಮಾನ ತಿರುವುಮುರುವಾಗಿ ಆ ಸೀಮೆ ಅಜರ್‌ಬೈಜಾನಿಗೆ ಉಳಿಯಿತು. ಆ ಕಿಚ್ಚು ಒಂದು ಶತಮಾನ ಕಳೆದರೂ ಆರಲಿಲ್ಲ. 2023ರಲ್ಲಿ ಅಲ್ಲಿಯ ಆರ್ಮೇನಿಯನ್ನರು ಲಕ್ಷ ಸಂಖ್ಯೆಯಲ್ಲಿ ಮನೆಮಠ ತೊರೆದರು.

1922ರಿಂದ ಮ್ಯಾಸ್ನಿಕ್ಯಾನರು ಟಿಫ್ಲಿಸ್ ನಗರದಲ್ಲಿದ್ದು, ಕಾಕಸಸಿನ ಮೂರು ಗಣರಾಜ್ಯಗಳ ಒಕ್ಕೂಟದಲ್ಲಿ ಉನ್ನತ ಪದವಿಗಳನ್ನು ವಹಿಸಿದರು. 1925ರ ಮಾರ್ಚ್ 22ರಂದು ಸುಖುಮಿಗೆ ಹೊರಟ ಅವರ ವಿಮಾನವು ಟಿಫ್ಲಿಸಿನ ಬಳಿಯೇ ಆಕಾಶದಲ್ಲಿ ಹೊತ್ತಿಕೊಂಡು ಕೆಳಗುರುಳಿತು. ಜೊತೆಯಲ್ಲಿದ್ದ ಮೊಗಿಲೆವ್ಸ್ಕಿ, ಅತಾರ್ಬೆಕೋವ್ ಎಂಬ ಅಧಿಕಾರಿಗಳೂ ಚಾಲಕರೂ ಸೇರಿ ಯಾರೊಬ್ಬರೂ ಬದುಕಲಿಲ್ಲ. ಇದರಲ್ಲಿ ಬೇರಿಯಾನ ಕೈವಾಡವಿತ್ತೆಂದು ಅನೇಕರು ಶಂಕಿಸಿದರೂ ಅದು ರುಜುವಾತಾಗಲಿಲ್ಲ. ಆಗ ಮ್ಯಾಸ್ನಿಕ್ಯಾನರಿಗೆ 39 ವರ್ಷ.

ಆರ್ಮೇನಿಯದ ಸೆವಾನ್ ಸರೋವರದ ದಂಡೆಯ ಪಟ್ಟಣವೊಂದು ಅವರ ಕಾವ್ಯನಾಮವಾದ ಮಾರ್ತುನಿ ಎಂಬ ಹೆಸರನ್ನೇ ಧರಿಸಿದೆ. ಹುಟ್ಟೂರಿನ ಸಮೀಪದ ಆರ್ಮೇನಿಯನ್ ಹಳ್ಳಿಗಳ ತಾಲೂಕಿಗೂ ಅವರ ಹೆಸರಿದೆ. ಮಿನ್ಸ್ಕಿನಲ್ಲಿ ಅವರು ಸಂಪಾದಿಸಿದ ಪತ್ರಿಕೆ ಇಂದಿಗೂ ಹೊರಡುತ್ತಿದೆ. ಆದರೆ ರಷ್ಯನ್ ಭಾಷೆಯಲ್ಲಲ್ಲ, ಬೆಲಾರೂಸಿ ಭಾಷೆಯಲ್ಲಿ! ಯಾವ ಜನರ ಪ್ರತ್ಯೇಕತೆಯನ್ನು ಅವರು ಒಪ್ಪದೆಹೋದರೋ ಅವರ ನುಡಿಯೇ ಆ ಪತ್ರಿಕೆಯನ್ನು ಉಳಿಸಿಕೊಂಡಿತು. ಪರಭಾಷೆಯ ನಗರಗಳಲ್ಲಿ ದುಡಿಯುತ್ತ ನಮ್ಮ ನುಡಿಯನ್ನು ಕಾಯ್ದುಕೊಳ್ಳುವ ನಾವು, ನಮಗೆ ಅನ್ನವಿಕ್ಕುವ ಊರಿನ ನುಡಿಯನ್ನೂ ಅಷ್ಟೇ ಗೌರವದಿಂದ ಕಾಣಬೇಕೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಕಿಲ್ಲ.